“ಯಾವ ಚಾನೆಲ್‌ನಾಗ ಬರ್ತದ?”: ಸಿಂಧನೂರು ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಸಿಂಧನೂರಿನಲ್ಲಿ ಮದುವೆ ವಿಡಿಯೊ ಮಾಡಿ ಹೊಟ್ಟೆ ಹೊರೆಯುವವನು. ಒಂದು ಸಣ್ಣ ಸ್ಟುಡಿಯೊ, ಎರಡು ಕ್ಯಾಮೆರಾ, ಒಂದು ಡ್ರೋನ್, ಕಂತು ತೀರದ ಒಂದು ಕಂಪ್ಯೂಟರ್ ನನ್ನ ಆಸ್ತಿ. ಎಲ್ಲ ಪಕ್ಷಗಳ ಮೆರವಣಿಗೆಗಳನ್ನೂ ಅದೇ ಕ್ಯಾಮೆರಾದಲ್ಲಿ ತೆಗೆದಿದ್ದೇನೆ. ಹಾಗಾಗಿ ಈ ಪತ್ರದಲ್ಲಿ ದಯವಿಟ್ಟು ಯಾವ ಬಾವುಟವನ್ನೂ ಹುಡುಕಬೇಡಿ.

ನಾವು ಹನ್ನೊಂದು ಜನ ಸೇರಿ ಒಂದು ಧಾರಾವಾಹಿ ಮಾಡಲು ಹೊರಟಿದ್ದೇವೆ. ಆರು ಕಂತು, ಕಂತಿಗೆ 25 ನಿಮಿಷ. ಕಥೆ ಶುರುವಾಗುವುದು 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ. ಆ ವಾರ ಟಿ.ವಿ.ಯವರೆಲ್ಲ ಹೊಸಪೇಟೆಯಲ್ಲಿದ್ದರು. ನಮ್ಮ ಕಥೆ ಇರುವುದು ಎಡದಂಡೆ ನಾಲೆಯ ಈ ತುದಿಗೆ. ಸಾಲ ತಂದು ಗೊಬ್ಬರ ಇಳಿಸಿ, ಭತ್ತ ನಾಟಿಗೆ ಕಾಯುತ್ತ ಕುಂತ ಒಂದು ಮನೆ. ಆ ಮನೆಯ ಹಿರಿಮಗ ನಾಲೆಯ ಮೇಲೆ ಹಂಗಾಮಿ ಗ್ಯಾಂಗ್‌ಮನ್. ನೀರಿನ ಗೇಟು ತಿರುವುವ ಕೈಯೂ ಅವನದೇ, ಗೇಜ್, ಅಂದರೆ ನಾಲೆಯ ನೀರಿನ ಮಟ್ಟ, ನಿಲ್ಲಲಿಲ್ಲ ಅಂತ ಬೈಸಿಕೊಳ್ಳುವ ಕಿವಿಯೂ ಅವನದೇ. ಆಂಧ್ರದಿಂದ ಬಂದ ರೈತರು ನೆಲೆಸಿದ ಪಕ್ಕದ ಕ್ಯಾಂಪಿನ ತೆಲುಗು ಮಾತಾಡುವ ಗೆಳೆಯ, ಸಂಬಳ ಬಾರದ ತಿಂಗಳುಗಳು, ಮೇಲ್ಭಾಗದ ಊರಿಗೆ ಕೊಟ್ಟ ತಂಗಿ ಇವೆಲ್ಲ ಅದರಲ್ಲಿವೆ. ತಂಗಿಯ ಗಂಡನ ಹೊಲಕ್ಕೆ ನೀರು ಹೋಗುತ್ತದೆ, ತವರಿಗೆ ಬರುವುದಿಲ್ಲ. ಮೂರನೇ ಕಂತು ಪೂರಾ ಅವರಿಬ್ಬರ ಫೋನಿನ ಜಗಳ.

ಇದಕ್ಕೆ 18 ಲಕ್ಷ ಬೇಕು. ಕ್ಯಾಮೆರಾ ನನ್ನದೇ ಇರುವಾಗ ಇಷ್ಟೇಕೆ ಅಂತ ನನ್ನ ಹೆಂಡತಿಯೂ ಕೇಳಿದಳು. ಜಾತ್ರೆಯ ನಾಟಕಕ್ಕಾದರೆ ಸ್ಟೇಜಿನ ಮೇಲೆ ನಾಲ್ಕು ಮೈಕ್ ಇಳಿಬಿಟ್ಟರೆ ಸಾಕು. ಇಲ್ಲಿ ಶೂಟಿಂಗ್ ನಡೆಯುವ ಕಡೆಯೇ ಮಾತು ರೆಕಾರ್ಡ್ ಆಗಬೇಕು. ನಮ್ಮ ಕಲಾವಿದರನ್ನು ಡಬ್ಬಿಂಗ್ ಕೋಣೆಯಲ್ಲಿ ಕೂಡಿಸಿ ನೋಡಿದ್ದೇವೆ, ಒಳಗೆ ಹೋದ ರಾಯಚೂರಿನ ಮಾತು ಹೊರಗೆ ಬರುವಷ್ಟರಲ್ಲಿ ಬೆಂಗಳೂರಿಗೆ ಹೋಗಿರುತ್ತದೆ! ಅದಕ್ಕೇ ಒಳ್ಳೆಯ ಸೌಂಡಿನವನು ಬೇಕು, ಅವನು ದೂರದಿಂದ ಬರಬೇಕು. ಉಳಿದದ್ದು 24 ದಿನ 30 ಜನರ ಊಟ, ಜನರೇಟರ್, ಗಾಡಿ, ಎಡಿಟಿಂಗ್, ಕಲಾವಿದರ ಕೂಲಿ. ಕೂಲಿ ಅಂತಲೇ ಬರೆದಿದ್ದೇನೆ. ಗೌರವಧನ ಅಂದ ಕೂಡಲೇ ಅದು ಅರ್ಧಕ್ಕಿಳಿಯುವುದನ್ನು ಕಂಡಿದ್ದೇವೆ.

ಹಣ ಕೂಡಿಸುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಕ್ರೌಡ್‌ಫಂಡಿಂಗ್ ಅನ್ನುವ ಮಾತು ಹುಟ್ಟುವ ಮೊದಲೇ ನಮ್ಮಲ್ಲಿ ಪಟ್ಟಿ ಎತ್ತುವುದು ಇತ್ತು. ಜಾತ್ರೆಗೆ ನಾಟಕ ಅಂದರೆ ಮನೆಗಿಷ್ಟು ಅಂತ ಪಟ್ಟಿ. ಪಾರ್ಟು ಮಾಡುವ ಹುಡುಗರು ತಮ್ಮ ಕೈಯಿಂದ ಹಾಕಿ, ಸೀನರಿ ಬಾಡಿಗೆಗೆ ತಂದು, ನಾಯಕಿಗೆ ಮುಂಗಡ ಕೊಟ್ಟು ಬರುತ್ತಾರೆ. ನಡುರಾತ್ರಿ ನಾಟಕ ನಿಲ್ಲಿಸಿ ಆಯೇರಿ, ಅಂದರೆ ಮೆಚ್ಚಿ ಕೊಟ್ಟ ಉಡುಗೊರೆ, ಕೂಗುತ್ತಾರೆ, ಸೋದರಮಾವ 101, ಗೆಳೆಯರ ಬಳಗ 501. ಸತ್ತುಬಿದ್ದ ಖಳನಾಯಕ ಎದ್ದು ಬಂದು ಶಾಲು ಹೊದಿಸಿಕೊಂಡು ಮತ್ತೆ ಸಾಯುತ್ತಾನೆ. ನಾನೂ ಹಾಗೆ ಎರಡು ಸಲ ಸತ್ತವನೇ.

ಅದೇ ಧೈರ್ಯದಲ್ಲಿ ರಸೀದಿ ಪುಸ್ತಕ ಮಾಡಿಸಿ ಹೊರಟೆವು. ಇವತ್ತಿಗೆ ಕೂಡಿರುವುದು 4 ಲಕ್ಷ 30 ಸಾವಿರ. ಗೊಬ್ಬರದ ಅಂಗಡಿ, ರೈಸ್‌ಮಿಲ್ಲು, ಕ್ಯಾಂಪಿನ ಕಟ್ಟೆ, ಎಲ್ಲಿ ಹೋದರೂ ಎದುರಾದದ್ದು ಒಂದೇ ಪ್ರಶ್ನೆ. “ಯಾವ ಚಾನೆಲ್‌ನಾಗ ಬರ್ತದ?” ಒಬ್ಬ ಅಜ್ಜಿ 50 ರೂಪಾಯಿ ಕೊಟ್ಟು, “ಚಾನೆಲ್ ನಂಬರ್ ಹೇಳಿ ಹೋಗಪಾ, ಮೊಮ್ಮಗನಿಗೆ ಬರದಿಡಂತೀನಿ” ಅಂದಳು. ನನಗೆ ಹೇಳಲು ನಂಬರೇ ಇರಲಿಲ್ಲ.

1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಶ್ಯಾಮ್ ಬೆನಗಲ್ ಅವರಿಂದ ‘ಮಂಥನ್’ ಸಿನಿಮಾ ಮಾಡಿಸಿದ್ದನ್ನು ಭಾಷಣಗಳಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಪಟ್ಟಿ ಎತ್ತುವಾಗ ಹೇಳಿದೆ. ಒಬ್ಬ ಮಿಲ್ ಮಾಲೀಕರು ಸಮಾಧಾನದಿಂದ ಕೇಳಿ, “ಅದು ಟಾಕೀಸಿನ್ಯಾಗ ಬಂತಲ್ರೀ, ನಿಮ್ದು ಎಲ್ಲಿ ಬರ್ತದ?” ಅಂದರು. ಹಣ ಹಾಕುವವನಿಗೆ ಲಾಭದ ಆಸೆ ಅಷ್ಟಿಲ್ಲ ಸರ್, ತಾನು ಹಾಕಿದ್ದು ಕಣ್ಣಿಗೆ ಕಾಣಬೇಕು, ಅಷ್ಟೇ.

ಬೆಂಗಳೂರಿನ ಒಂದು ಚಾನೆಲ್ ಕಚೇರಿಗೂ ಹೋಗಿ ಬಂದೆವು. ಚಹಾ ಕೊಟ್ಟರು, ಮೊದಲ ಕಂತಿನ ಕಥೆ ಓದಿದರು. ಭಾಷೆ ಬದಲಿಸಿದರೆ ನೋಡೋಣ ಅಂದರು. ಅಡುಗೆಯವನೋ ರೌಡಿಯೋ ಆದರೆ ನಮ್ಮ ಮಾತು ನಡೆಯುತ್ತದಂತೆ, ಕಥೆಯ ಯಜಮಾನನೇ ಹಾಗೆ ಮಾತಾಡಿದರೆ ಜನ ಚಾನೆಲ್ ತಿರುಗಿಸುತ್ತಾರಂತೆ. ಮೇಲಾಗಿ ಅವರು ದುಡ್ಡು ಹಾಕಿದರೆ ಧಾರಾವಾಹಿಯ ಹಕ್ಕು ಪೂರಾ ಅವರದು. ಚಾನೆಲ್‌ನ ಸಮಯವನ್ನೇ (ಸ್ಲಾಟ್) ದುಡ್ಡು ಕೊಟ್ಟು ಕೊಳ್ಳೋಣವೆಂದರೆ ಅದರ ಬೆಲೆಗೆ ಇನ್ನೊಂದು ಧಾರಾವಾಹಿ ಮಾಡಬಹುದು.

ಇನ್ನು ಕಾನೂನು. ನಮ್ಮ ಲೆಕ್ಕ ಬರೆಯುವವರು ಮೊದಲ ದಿನವೇ ಎಚ್ಚರಿಸಿದರು. ಲಾಭದಲ್ಲಿ ಪಾಲು, ದುಡ್ಡು ವಾಪಸ್ ಅಂತ ರಸೀದಿಯ ಮೇಲೆ ಅಚ್ಚು ಹಾಕಿಸಿದರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಕೊರಳಿಗೆ ಬರಬಹುದು. ಕಂಪನಿ ಮಾಡಿ ಷೇರು ಕೊಡೋಣವೆಂದರೆ ಖಾಸಗಿಯಾಗಿ ಒಂದು ಆರ್ಥಿಕ ವರ್ಷದಲ್ಲಿ 200 ಜನರಿಗಿಂತ ಹೆಚ್ಚಿನವರನ್ನು ಕೇಳುವ ಹಾಗಿಲ್ಲ. ನಮ್ಮ ಪಟ್ಟಿಯಲ್ಲಿ ಈಗಲೇ 600 ಹೆಸರಿವೆ. ಹೀಗಾಗಿ ಬರುವುದೆಲ್ಲ ದೇಣಿಗೆ, ಬರೀ ದೇಣಿಗೆ.

ನಿಮ್ಮನ್ನು ನಾನು ಹಣ ಕೇಳುತ್ತಿಲ್ಲ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಅದರಿಂದ ರಂಗಮಂದಿರ ಕಟ್ಟಿಸಬಹುದು, ರಂಗದ ಮೇಲೆ ನಿಂತವನಿಗೆ ಊಟ ಹಾಕಿಸಲು ಬರುವುದಿಲ್ಲ ಅನ್ನುವುದು ಗೊತ್ತಿದೆ. ಸ್ವಂತ ಜೇಬಿನಿಂದಲೂ ಲಕ್ಷಗಟ್ಟಲೆ ಕೊಡಬೇಡಿ. ಕೊಟ್ಟರೆ ಮರುದಿನ ಊರೆಲ್ಲ ಅದನ್ನು ನಿಮ್ಮ ಧಾರಾವಾಹಿ ಅನ್ನುತ್ತದೆ, ಐದನೇ ಕಂತಿನಲ್ಲಿ ಬರುವ ಶಾಸಕನ ಪಾತ್ರಕ್ಕೆ ನಾವು ಹೆದರಿ ಹೆದರಿ ಮಾತು ಬರೆಯಬೇಕಾಗುತ್ತದೆ. ಬೇಕಾದರೆ 101 ರೂಪಾಯಿ ಆಯೇರಿ ಮಾಡಿ, ಮೈಕಿನಲ್ಲಿ ಕೂಗಿಸುತ್ತೇವೆ.

ನಿಮ್ಮಿಂದ ಆಗಬೇಕಾದ ಕೆಲಸ ವಿಧಾನಸಭೆಯಲ್ಲಿದೆ. 2025ರ ಮಾರ್ಚ್ ಬಜೆಟ್‌ನಲ್ಲಿ ಮುಖ್ಯಮಂತ್ರಿಗಳು ಕನ್ನಡ ಸಿನಿಮಾಗಳಿಗಾಗಿ ಸರ್ಕಾರದ್ದೇ ಒಟಿಟಿ ವೇದಿಕೆ ಮಾಡುವುದಾಗಿ ಹೇಳಿದರು. ಅದರಲ್ಲಿ ಧಾರಾವಾಹಿಗೂ ಜಾಗ ಉಂಟೋ ಇಲ್ಲವೋ ಅಂತ ನೀವು ಸದನದಲ್ಲಿ ಕೇಳಬೇಕು. ಕೇರಳ ಸರ್ಕಾರದವರು 2024ರ ಮಾರ್ಚ್‌ನಲ್ಲೇ ‘ಸಿ ಸ್ಪೇಸ್’ ಅನ್ನುವ ತಮ್ಮ ಒಟಿಟಿ ಶುರು ಮಾಡಿದರು. ನೋಡುವವನು ಒಂದು ಸಿನಿಮಾಕ್ಕೆ 75 ರೂಪಾಯಿ ಕೊಟ್ಟರೆ ಅರ್ಧ ನಿರ್ಮಾಪಕನಿಗೆ. ಮಧ್ಯಪ್ರದೇಶ, ಉತ್ತರ ಪ್ರದೇಶದ ಚಲನಚಿತ್ರ ನೀತಿಗಳಲ್ಲಿ ವೆಬ್ ಸರಣಿಗೂ ಸಹಾಯಧನ ಇದೆ. ನಮ್ಮಲ್ಲೂ ಬರಲಿ, ಆದರೆ ಸಹಾಯಧನ ಚಿತ್ರ ಮುಗಿದ ಮೇಲಿನ ಮಾತು. ನಮಗೆ ಬೇಕಿರುವುದು ಅದಕ್ಕೂ ಮೊದಲಿನದು. ಕಥೆ ಓದಿ, ಒಪ್ಪಿಗೆಯಾದರೆ “ಪೂರ್ತಿ ಮಾಡಿ ತಂದರೆ ಇಲ್ಲಿ ತೋರಿಸುತ್ತೇವೆ, ನೋಡಿದಷ್ಟು ಪಾಲು ಕೊಡುತ್ತೇವೆ” ಅಂತ ಒಂದು ಪತ್ರ. ಆ ಒಂದು ಹಾಳೆ ಕೈಯಲ್ಲಿದ್ದರೆ ಉಳಿದ 13 ಲಕ್ಷ 70 ಸಾವಿರದ ಪಟ್ಟಿಯನ್ನು ನಾವೇ ಎತ್ತುತ್ತೇವೆ, ಸಿಂಧನೂರು, ಮಾನ್ವಿ, ಸಿರವಾರ ತಿರುಗಿ.

ಇನ್ನೊಂದು ಸಣ್ಣದು, ಆದರೆ ಅವಸರದ್ದು. ನಾಲೆಯ ದಂಡೆಯ ಮೇಲೆ ಕ್ಯಾಮೆರಾ ಇಡಲು ಅನುಮತಿ ಕೇಳಿ ಒಂದು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟೆವು. ಮೂರು ಸಲವೂ ಬೇರೆ ಕಚೇರಿಯ ದಾರಿ ತೋರಿಸಿದರು. ಒಣ ನಾಲೆಯ ಸೀನುಗಳನ್ನು ಹೇಗೋ ಮುಂದೆ ಹಾಕಬಹುದು. ಕೊನೆಯ ಕಂತಿನಲ್ಲಿ ಒಣಗಿದ ನಾಲೆಗೆ ಮೊದಲ ನೀರು ನೊರೆ, ಕಸ, ಚಪ್ಪಲಿ ಎಲ್ಲ ಹೊತ್ತು ಬರುತ್ತದೆ, ಗ್ಯಾಂಗ್‌ಮನ್ ಅದರ ಜತೆ ದಂಡೆಯ ಮೇಲೆ ಓಡುತ್ತಾನೆ. ಆ ನೀರು ವರ್ಷಕ್ಕೊಮ್ಮೆ ಬರುತ್ತದೆ, ನಮಗಾಗಿ ಎರಡನೇ ಟೇಕ್ ಕೊಡುವುದಿಲ್ಲ. ನಾಲೆಗೆ ನೀರು ಬಿಡುವ ದಿನ ಗೊತ್ತಾಗುವ ಮೊದಲು ಅನುಮತಿ ಪತ್ರ ಯಾವ ಕಚೇರಿಯಿಂದ ಸಿಗುತ್ತದೆ ಅನ್ನುವುದನ್ನಷ್ಟಾದರೂ ತಿಳಿಸಿಕೊಡಿ.

ಇಂತಿ ನಿಮ್ಮ ಮತದಾರ,
ಸ್ಟುಡಿಯೊದವನು, ಸಿಂಧನೂರು