ತಪ್ಪು, ಬಹುಮಾನ ಮತ್ತು ಸ್ವಭಾವದ ಅಳತೆ

ಮಾನ್ಯರೇ,

ತಪ್ಪು ಮಾಡಿದ ಮಗುವನ್ನು ‘ಗಮನವೇ ಇಲ್ಲ’ ಎಂದು ಗದರುವುದು ನಮ್ಮಲ್ಲಿ ರೂಢಿ. ಆದರೆ ಕೈತಪ್ಪಿನಿಂದಾಗುವ ಎಷ್ಟೋ ದೋಷಗಳನ್ನು ಮಿದುಳು ಯಾರೂ ತಿದ್ದುವ ಮುನ್ನವೇ ಗುರುತಿಸಿರುತ್ತದೆ. 1990ರ ದಶಕದ ಆರಂಭದಲ್ಲಿ ಜರ್ಮನಿ ಮತ್ತು ಅಮೆರಿಕದ ಸಂಶೋಧಕರು, ವೇಗವಾಗಿ ಗುಂಡಿ ಒತ್ತುವ ಪ್ರಯೋಗಗಳಲ್ಲಿ ತಪ್ಪು ಗುಂಡಿ ಒತ್ತಿದವರ ನೆತ್ತಿಯ ಮುಂಭಾಗದಲ್ಲಿ ಸುಮಾರು 100 ಮಿಲಿಸೆಕೆಂಡುಗಳೊಳಗೆ ಒಂದು ಋಣ ವಿದ್ಯುತ್ ಅಲೆ ಏಳುವುದನ್ನು ದಾಖಲಿಸಿದರು. ಆತಂಕದ ಸ್ವಭಾವದವರಲ್ಲಿ ಈ ಅಲೆ ಸರಾಸರಿಯಾಗಿ ದೊಡ್ಡದಿರುತ್ತದೆಂದು ಆನಂತರದ ಹಲವು ಅಧ್ಯಯನಗಳು ಕಂಡುಕೊಂಡಿವೆ. ಹಾಗೆಂದು ಅವರು ಕಡಿಮೆ ತಪ್ಪು ಮಾಡುತ್ತಾರೆಂದೇನೂ ಅಲ್ಲ. ಹೀಗಿರುವಾಗ, ಮೊದಲೇ ಅಳುಕುವ ಮಗುವಿಗೆ ಬೈಗುಳದಿಂದ ಯಾವ ಹೊಸ ತಿಳಿವಳಿಕೆ ಸಿಗುತ್ತದೆಯೋ ನಾನರಿಯೆ.

ಬಹುಮಾನದ ಲೆಕ್ಕ ಬೇರೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಅವರು ಮಂಗಗಳ ಮೇಲೆ ನಡೆಸಿದ ಪ್ರಯೋಗಗಳ ಪ್ರಕಾರ, ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ಮಿದುಳಿನ ನರಕೋಶಗಳು ಮುಖ್ಯವಾಗಿ ಸ್ಪಂದಿಸುವುದು ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ನಡುವಣ ಅಂತರಕ್ಕೆ. ಬಹಿರ್ಮುಖಿಗಳಲ್ಲಿ ಬಹುಮಾನದ ಸ್ಪಂದನ ಹೆಚ್ಚು ತೀವ್ರವೆಂಬ ವಾದವಿದ್ದರೂ ಫಲಿತಾಂಶಗಳು ಏಕರೂಪವಾಗಿಲ್ಲ.

ಇವೆಲ್ಲವೂ ಗುಂಪುಗಳ ಸರಾಸರಿಗಳಾದ್ದರಿಂದ, ಪ್ರಯೋಗಾಲಯದ ಇಂಥ ಅಳತೆಗಳಿಂದಲೂ ಒಬ್ಬ ವಿದ್ಯಾರ್ಥಿಯ ಸ್ವಭಾವವನ್ನು ಖಚಿತವಾಗಿ ಹೇಳಲಾಗದು. ಶುಲ್ಕ ಪಡೆದು ಶಿಬಿರ ನಡೆಸಿ, ಬೆರಳಚ್ಚು ನೋಡಿ ಮಗುವಿನ ಮಿದುಳನ್ನೇ ಓದುತ್ತೇವೆ ಎನ್ನುವವರಿಗಂತೂ ಇಷ್ಟು ಆಧಾರವೂ ಇಲ್ಲ. ಅಂಥ ಶಿಬಿರಗಳಿಗೆ ಶಾಲೆಗಳು ತಮ್ಮ ಆವರಣವನ್ನು ಬಿಟ್ಟುಕೊಡದಂತೆ ಶಿಕ್ಷಣ ಇಲಾಖೆ ಸ್ಪಷ್ಟ ಸುತ್ತೋಲೆ ಹೊರಡಿಸಬೇಕು.

– ಓದುಗರೊಬ್ಬರು, ದಾವಣಗೆರೆ