ಟ್ರಕ್ಕಿನ ಬಾಗಿಲ ಚೀಟಿ: ಸೋದರಳಿಯನಿಗೊಂದು ಪತ್ರ

ನ್ಯಾಶ್‌ವಿಲ್, ಟೆನೆಸಿ

ಚಿರಂಜೀವಿ ಸೋದರಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕಳುಹಿಸಿದ ಮೂರು ಬಂಕ್‌ಹೌಸ್ ಫಿಫ್ತ್ ವೀಲ್ ಕ್ಯಾಂಪರ್‌ಗಳ (ಹಿಂದೆ ಒಂದರ ಮೇಲೊಂದು ಹಾಸಿಗೆಯ ಕೋಣೆಯಿದ್ದು, ಮೂತಿಯನ್ನು ಟ್ರಕ್ಕಿನ ಬೆನ್ನ ಮೇಲೆ ಕೂರಿಸಿ ಎಳೆಯುವ ಗಾಲಿಮನೆಗಳ) ನಕ್ಷೆಗಳನ್ನು ನಾನೂ ನಿನ್ನ ಅತ್ತೆಯೂ ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ಸಂಜೆ ನೋಡಿದೆವು. ಮಕ್ಕಳಿಗೆ ಅಪ್ಪ ಅಮ್ಮನ ಜೊತೆ ಹೊರಡುವುದೇ ಹಬ್ಬವಾಗಿರುವ ಈ ವಯಸ್ಸಿನಲ್ಲೇ ಅವರಿಗೆ ಕಾಡು ಬೆಟ್ಟ ತೋರಿಸಬೇಕೆಂದು ನೀನು ಹೊರಟಿರುವುದು ನಮ್ಮಿಬ್ಬರಿಗೂ ಬಹಳ ಸಂತೋಷ ತಂದಿದೆ. ಮೂರರಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀಯೆ. ಅದಕ್ಕೆ ಉತ್ತರ ಹೇಳುವ ಮೊದಲು, ನಿನ್ನ ಪಿಕಪ್ ಟ್ರಕ್ಕಿನ ಚಾಲಕನ ಬಾಗಿಲು ತೆರೆದು, ಅಲ್ಲಿ ಅಂಟಿಸಿರುವ ಹಳದಿ ಬಿಳಿ ಬಣ್ಣದ ಚಿಕ್ಕ ಚೀಟಿಯನ್ನು ಓದು ಎಂದು ಹೇಳಬೇಕಾಗಿದೆ. ಜನ ಮತ್ತು ಸಾಮಾನು ಸೇರಿ ಒಟ್ಟು ಎಷ್ಟು ಪೌಂಡ್ ಮೀರಬಾರದು ಎಂಬ ಒಂದು ಸಾಲು ಅದರಲ್ಲಿರುತ್ತದೆ. ಅದೇ ಪೇಲೋಡ್. ಉಳಿದ ಲೆಕ್ಕವೆಲ್ಲ ಅಲ್ಲಿಂದ ಶುರುವಾಗಬೇಕು.

ಈಗಿರುವ ಅರ್ಧ ಟನ್ನಿನ ಟ್ರಕ್ಕು 11,000 ಪೌಂಡ್ ಎಳೆಯುತ್ತದೆ, ನೀನು ಮೆಚ್ಚಿದ ಕ್ಯಾಂಪರಿನ ಖಾಲಿ ತೂಕ 9,600 ಪೌಂಡ್, ಹಾಗಾಗಿ ಅದೇ ಸಾಕು ಎಂದು ನೀನು ಬರೆದಿದ್ದೀಯೆ. ಅರ್ಧ, ಮುಕ್ಕಾಲು, ಒಂದು ಟನ್ ಎಂಬುವು ಟ್ರಕ್ಕಿನ ದರ್ಜೆಯ ಹೆಸರುಗಳಷ್ಟೇ, ಹೊರುವ ತೂಕದ ಲೆಕ್ಕವಲ್ಲ. ಎಳೆಯುವುದು ಬೇರೆ, ಹೊರುವುದು ಬೇರೆ. ಫಿಫ್ತ್ ವೀಲ್ ಟ್ರಕ್ಕಿನ ಬಾಲಕ್ಕೆ ಕಟ್ಟಿಕೊಂಡು ಬರುವ ಗಾಡಿಯಲ್ಲ. ತನ್ನ ತೂಕದ ಸುಮಾರು ಐದರಲ್ಲೊಂದು ಭಾಗವನ್ನು ತನ್ನ ಮೂತಿಯ ಕೆಳಗಿನ ಕಿಂಗ್‌ಪಿನ್ ಎಂಬ ಕಬ್ಬಿಣದ ಗೂಟದ ಮೂಲಕ ಟ್ರಕ್ಕಿನ ಬೆನ್ನ ಮೇಲೆಯೇ ಇಟ್ಟುಬಿಡುತ್ತದೆ. ಕರಪತ್ರದಲ್ಲಿ ಅಚ್ಚಾಗಿರುವ ಪಿನ್ ತೂಕ ಖಾಲಿ ಗಾಡಿಯದು. ನೀರು, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ, ಪಾತ್ರೆ, ಅಕ್ಕಿ, ಮಕ್ಕಳ ಸೈಕಲ್ಲು ಎಲ್ಲ ಸೇರಿ ಗಾಡಿ ತನ್ನ ಗರಿಷ್ಠ ಮಿತಿಯಾದ 12,000 ಪೌಂಡಿಗೆ ಬಂತು ಎಂದುಕೋ. ಆಗ ಟ್ರಕ್ಕಿನ ಮೇಲೆ ಕೂರುವ ಭಾರ 2,400 ಪೌಂಡ್. ಆ ಗೂಟವನ್ನು ಹಿಡಿಯಲು ಟ್ರಕ್ಕಿನಲ್ಲಿ ಕೂರಿಸುವ ಹಿಚ್ಚಿಗೆ 150, ನಿಮ್ಮ ನಾಲ್ವರಿಗೆ 450 ಎಂದರೂ ಅಲ್ಲಿಗೆ 3,000. ಅರ್ಧ ಟನ್ನಿನ ಟ್ರಕ್ಕುಗಳ ಪೇಲೋಡ್ ಸಾಮಾನ್ಯವಾಗಿ 1,500ರಿಂದ 2,000 ಪೌಂಡಿನ ಆಸುಪಾಸಿನಲ್ಲಿರುತ್ತದೆ. ಮುಕ್ಕಾಲು ಟನ್ನಿನ ಡೀಸೆಲ್ ಟ್ರಕ್ಕಿಗೂ ಅನೇಕ ವೇಳೆ ಈ ಭಾರ ಹೆಚ್ಚೇ ಆಗುತ್ತದೆ. ಹಾಗಾಗಿ ನಿನ್ನ ಮೂರು ನಕ್ಷೆಗಳಲ್ಲಿ ಯಾವುದಕ್ಕೇ ಆಗಲಿ ಒಂದು ಟನ್ನಿನ ಟ್ರಕ್ಕು ಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. 2011ರ ಜೂನ್‌ನಲ್ಲಿ, ಮಾರಿದವರ ಮಾತು ನಂಬಿ, ಸಣ್ಣ ಟ್ರಕ್ಕಿಗೆ ದೊಡ್ಡ ಬಂಕ್‌ಹೌಸ್ ಕಟ್ಟಿಕೊಂಡು ಚಟ್ಟನೂಗಾ ಕಡೆಗೆ ಹೊರಟಿದ್ದೆವು. ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ಸ್ಟೀರಿಂಗ್ ಕೈಯಲ್ಲಿ ಹಗುರವಾಗಿ ತೇಲುತ್ತಿತ್ತು. ಐ-24 ಹೆದ್ದಾರಿಯಲ್ಲಿ ಮಾಂಟ್‌ಈಗಲ್ ಬೆಟ್ಟ ಇಳಿಯುವಾಗ ಹಿಂದಿನ ಭಾರ ನಮ್ಮನ್ನು ಮುಂದಕ್ಕೆ ನೂಕತೊಡಗಿತು. ಅರ್ಧ ದಾರಿಗೆ ಬ್ರೇಕಿನ ಸುಟ್ಟ ವಾಸನೆ ಒಳಗೆಲ್ಲ ತುಂಬಿಕೊಂಡಿತು. ತಪ್ಪಲಿನಲ್ಲಿ ನಿಲ್ಲಿಸಿ ಇಳಿದಾಗ ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಒಂದು ಮೊಳ ದೂರದಲ್ಲಿ ಕೈ ಹಿಡಿದರೂ ಸೌದೆ ಒಲೆಯ ಮುಂದೆ ಕೂತಷ್ಟು ಝಳ. ಹಿಂದಿನ ಸೀಟಿನಲ್ಲಿ ನಿನ್ನ ಅತ್ತೆ ಇಬ್ಬರು ಮಕ್ಕಳ ಕೈಗಳನ್ನೂ ಹಿಡಿದುಕೊಂಡೇ ಕುಳಿತಿದ್ದಳು, ಗಾಡಿ ನಿಂತ ಮೇಲೂ ಬಿಟ್ಟಿರಲಿಲ್ಲ. ಆ ದೃಶ್ಯ ನಿನ್ನ ಬದುಕಿನಲ್ಲಿ ಬರಬಾರದು ಎಂಬ ಒಂದೇ ಕಾರಣಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಟ್ರಕ್ಕಿನ ವಿಚಾರದಲ್ಲೇ ಇನ್ನೊಂದು ಮಾತು. ಕರಪತ್ರದಲ್ಲಿ ಹತ್ತು ಜನ ಮಲಗಬಹುದು ಎಂದಿದೆ. ಮಲಗಬಹುದು, ನಿಜ, ಆದರೆ ಅಲ್ಲಿಯವರೆಗೆ ಅವರೆಲ್ಲ ಹೋಗುವುದು ಹೇಗೆ? ಚಲಿಸುವ ಕ್ಯಾಂಪರಿನೊಳಗೆ ಯಾರನ್ನೂ ಕೂರಿಸಬೇಡ. ಕೆಲವು ರಾಜ್ಯಗಳಲ್ಲಿ ಕಾನೂನು ಒಪ್ಪಿದರೂ ಅಲ್ಲಿ ಸೀಟ್ ಬೆಲ್ಟಿಲ್ಲ. ಟ್ರಕ್ಕಿನಲ್ಲಿ ಐದು ಜನ, ಮುಂದೆ ಬೆಂಚ್ ಸೀಟಿದ್ದರೆ ಆರು ಜನ. ಮುಂದಿನ ಬೇಸಿಗೆಗೆ ಶಿವಮೊಗ್ಗದಿಂದ ನನ್ನ ಅಕ್ಕನೂ ಭಾವನೂ ಬರುವವರಿದ್ದಾರೆ ಎಂದಿದ್ದೀಯೆ. ನಿಮ್ಮ ನಾಲ್ವರ ಜೊತೆ ಅವರಿಬ್ಬರು ಸೇರಿದರೆ ಬೆಂಚ್ ಸೀಟಿನ ಟ್ರಕ್ಕೇ ಆಗಬೇಕು, ಮೇಲಿನ ಲೆಕ್ಕಕ್ಕೂ ಇನ್ನೊಂದು 300 ಪೌಂಡ್ ಸೇರಬೇಕು.

ಈಗ ಗಾಡಿಯ ಒಳಗಿನ ಮಾತಿಗೆ ಬರುತ್ತೇನೆ. ಫಿಫ್ತ್ ವೀಲ್‌ನ ದೊಡ್ಡ ಮಲಗುವ ಕೋಣೆ ಟ್ರಕ್ಕಿನ ಮೇಲೆ ಚಾಚಿಕೊಂಡ ಮುಂಭಾಗದಲ್ಲಿರುತ್ತದೆ. ಅಲ್ಲಿಗೆ ಒಳಗಿನಿಂದಲೇ ಎರಡು ಮೂರು ಮೆಟ್ಟಿಲು ಹತ್ತಬೇಕು. ಅಕ್ಕನ ಮಂಡಿನೋವು ನಿನಗೆ ಗೊತ್ತೇ ಇದೆ. ರಾತ್ರಿ ಎರಡು ಸಲ ಏಳುವ ಅವಳಿಗೆ ಆ ಕೋಣೆ ಆಗದು. ಹಾಗಾಗಿ ಹಿಂದಿನ ಬಂಕ್ ಕೋಣೆ ಮಕ್ಕಳಿಗಷ್ಟೇ ಎಂದು ಭಾವಿಸದೆ, ಕೆಳಗಿನ ಹಾಸಿಗೆಯಲ್ಲಿ ದೊಡ್ಡವರು ಕಾಲು ಚಾಚಿ ಮಲಗಬಹುದೇ ಎಂದು ನೋಡು. ಅಂಗಡಿಯಲ್ಲಿ ಚಪ್ಪಲಿ ಬಿಚ್ಚಿ ನೀನೇ ಮಲಗು, ಸಂಕೋಚ ಬೇಡ. ತಲೆಯ ಮೇಲೆ ಎದ್ದು ಕೂರುವಷ್ಟು ಜಾಗವಿದೆಯೇ, ಮೇಲಿನ ಬಂಕಿನ ಹಲಗೆ ಎಷ್ಟು ತೂಕಕ್ಕೆಂದು ಬರೆದಿದ್ದಾರೆ, ಏಣಿ ಅಲುಗಾಡುತ್ತದೆಯೇ, ತುರ್ತಿನಲ್ಲಿ ಹೊರಬೀಳುವ ಕಿಟಕಿಯನ್ನು ನಿನ್ನ ಮಗಳ ಕೈ ತೆರೆಯಬಲ್ಲದೇ ಎಂದು ಒಂದೊಂದಾಗಿ ಪರೀಕ್ಷಿಸು. ಎಸಿಯ ಗಾಳಿ, ಹೀಟರಿನ ಬಿಸಿ ಆ ಕೋಣೆಗೆ ಹೋಗುತ್ತದೆಯೇ ಎಂದು ಹಚ್ಚಿಸಿಯೇ ನೋಡಬೇಕು. ನಿಮ್ಮ ಟೆಕ್ಸಾಸಿನ ಸೆಕೆಗೆ ಒಂದು ಎಸಿ ಸಾಲದು. ಎರಡಿದ್ದರೆ 50 ಆಂಪಿಯರ್ ವಿದ್ಯುತ್ ಸಂಪರ್ಕದ ಗಾಡಿ ಬೇಕು, 30 ಆಂಪಿಯರಿನಲ್ಲಿ ಸಿಗುವುದು 3,600 ವ್ಯಾಟ್ ಮಾತ್ರ.

ನಿನ್ನ ಎರಡನೆಯ ನಕ್ಷೆಯಲ್ಲಿ ಬಂಕ್ ಕೋಣೆಗೆ ಹೊಂದಿಕೊಂಡು ಇನ್ನೊಂದು ಶೌಚಾಲಯವಿದೆ. ಮುಂಜಾನೆ ಆರು ಜನರಿಗೆ ಅದು ವರವೇ ಸರಿ. ಆದರೆ ಅದಕ್ಕೆ ಪ್ರತ್ಯೇಕ ಮಲದ ತೊಟ್ಟಿ ಹಿಂದೆಲ್ಲೋ ಇದ್ದರೆ, ಹೊರಡುವ ದಿನ ಕೊಳವೆಯನ್ನು ಎರಡು ಕಡೆ ಜೋಡಿಸಿ ಖಾಲಿ ಮಾಡಬೇಕಾಗುತ್ತದೆ; ಬಾಯಿ ಎಲ್ಲಿದೆ ಎಂದು ಬಗ್ಗಿ ನೋಡಿ ತೀರ್ಮಾನಿಸು. ನಿಂತಾಗ ಹೊರಕ್ಕೆ ಚಾಚಿ ಕೋಣೆಯನ್ನು ಅಗಲ ಮಾಡುವ ಸ್ಲೈಡುಗಳನ್ನೆಲ್ಲ ಒಳಗೆ ಎಳೆಸಿ, ಆ ಸ್ಥಿತಿಯಲ್ಲಿ ಫ್ರಿಜ್ ತೆರೆಯಲು, ಶೌಚಾಲಯಕ್ಕೆ ಹೋಗಲು ದಾರಿ ಉಳಿಯುತ್ತದೆಯೇ ಎಂಬುದನ್ನು ನೋಡದೆ ಮುಂಗಡ ಕೊಡಬೇಡ. ದಾರಿಯಲ್ಲಿ ಮಧ್ಯಾಹ್ನ ನಿಲ್ಲಿಸಿ ಮಕ್ಕಳಿಗೆ ಮೊಸರನ್ನ ಹಾಕಬೇಕಾದಾಗ ಇದರ ಬೆಲೆ ತಿಳಿಯುತ್ತದೆ. ಹೊರಗೊಂದು ಅಡುಗೆ ಕಟ್ಟೆ ಇರುವ ಗಾಡಿಯನ್ನು ನಿನ್ನ ಅತ್ತೆ ಒತ್ತಿ ಹೇಳುತ್ತಿದ್ದಾಳೆ, ಏಕೆಂದರೆ ಒಣಮೆಣಸಿನ ಒಗ್ಗರಣೆಯ ಘಾಟು ಆ ಚಿಕ್ಕ ಮನೆಯೊಳಗೆ ಎದ್ದರೆ ಹೊಗೆಯ ಗಂಟೆ ಬಾರಿಸುತ್ತದೆ, ಹಾಸಿಗೆಗಳಿಗೆಲ್ಲ ವಾಸನೆ ಹಿಡಿಯುತ್ತದೆ. ಕುಕ್ಕರ್ ಮರೆಯಬೇಡ, ಯೆಲ್ಲೋಸ್ಟೋನ್ ಸರೋವರ 7,700 ಅಡಿಗಿಂತ ಎತ್ತರದಲ್ಲಿದೆ, ಅಲ್ಲಿ ಕುಕ್ಕರಿಲ್ಲದೆ ಬೇಳೆ ಬೇಯಿಸಲು ಹೊರಟರೆ ಹೊತ್ತು ಮುಳುಗುತ್ತದೆ.

ಉದ್ದದ ವಿಷಯ. ಮೂರನೆಯ ನಕ್ಷೆ 42 ಅಡಿಯದು. ನೋಡಲು ಅರಮನೆಯಂತಿದೆ, ನಾನು ಅದನ್ನು ಬೇಡ ಎನ್ನುತ್ತೇನೆ. ರಾಷ್ಟ್ರೀಯ ಉದ್ಯಾನಗಳ ಬಿಡಾರಗಳನ್ನು ಬಹುಮಟ್ಟಿಗೆ ಇಷ್ಟು ದೊಡ್ಡ ಗಾಡಿಗಳು ಹುಟ್ಟುವ ಮೊದಲೇ ಕಟ್ಟಿದ್ದು. ಸ್ಮೋಕಿ ಪರ್ವತಗಳ ಕೇಡ್ಸ್ ಕೋವ್ ಬಿಡಾರದಲ್ಲಿ ಟ್ರೇಲರಿಗೆ 35 ಅಡಿಯ ಮಿತಿಯಿದೆ, ವಿದ್ಯುತ್ತು ನೀರಿನ ಸಂಪರ್ಕವೂ ಇಲ್ಲ. ಆದ್ದರಿಂದ ನೀರಿನ ತೊಟ್ಟಿ ತುಂಬಿಸಿಕೊಂಡೇ ಹೋಗಬೇಕು. 60 ಗ್ಯಾಲನ್ ನೀರೆಂದರೆ 500 ಪೌಂಡ್, ಅದೂ ಮೇಲಿನ ಲೆಕ್ಕದೊಳಗೇ ಹಿಡಿಯಬೇಕು. ಯೆಲ್ಲೋಸ್ಟೋನಿನ ಫಿಶಿಂಗ್ ಬ್ರಿಡ್ಜ್ ಬಿಡಾರ ನಿನಗೆ ಹೇಳಿ ಮಾಡಿಸಿದ್ದು: ಕರಡಿಗಳ ದೆಸೆಯಿಂದ ಅಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ, ವಿದ್ಯುತ್ತು ನೀರು ಎರಡೂ ಇವೆ. ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ಎತ್ತರದ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನ ಹೋಗುವಂತಿಲ್ಲ. ಕ್ಯಾಂಪರ್ ಬಿಡಾರದಲ್ಲೇ ಉಳಿಯುತ್ತದೆ, ಸರಿ, ಆದರೆ ನಾಲ್ಕು ಬಾಗಿಲಿನ, ಹಿಂದೆ ಸಾಮಾನು ಹೇರುವ 8 ಅಡಿ ತೊಟ್ಟಿಯ ಒಂದು ಟನ್ನಿನ ಟ್ರಕ್ಕೇ ಸುಮಾರು 22 ಅಡಿ ಇರುತ್ತದೆ. ಗಿಡ್ಡ ತೊಟ್ಟಿಯ ಟ್ರಕ್ಕು ಕೊಂಡರೆ ಆ ರಸ್ತೆ ಸಿಗುತ್ತದೆ, ಆದರೆ ಬಿಗಿಯಾದ ತಿರುವಿನಲ್ಲಿ ಕ್ಯಾಂಪರಿನ ಮೂತಿ ಹಿಂದಿನ ಗಾಜಿಗೆ ಬಡಿಯುವ ಅಪಾಯವಿರುವುದರಿಂದ ಹಿಂದಕ್ಕೆ ಜಾರುವ ಹಿಚ್ ಹಾಕಿಸಬೇಕು. ನಿನ್ನ ಜಾಗದಲ್ಲಿ ನಾನಿದ್ದರೆ ಗಿಡ್ಡ ತೊಟ್ಟಿ, ಜಾರುವ ಹಿಚ್, 35 ಅಡಿಯೊಳಗಿನ ಗಾಡಿ ಎಂದು ನಿಶ್ಚಯಿಸುತ್ತಿದ್ದೆ. ನಿನ್ನ ಮೊದಲ ನಕ್ಷೆ ಅದಕ್ಕೆ ಹೊಂದುತ್ತದೆ.

ಹೊಸದಕ್ಕಿಂತ ಮೂರು ನಾಲ್ಕು ವರ್ಷ ಹಳೆಯದು ಒಳ್ಳೆಯದು. ಬೆಲೆ ಇಳಿದಿರುತ್ತದೆ, ಮೊದಲ ವರ್ಷದ ರಿಪೇರಿಗಳು ಮುಗಿದಿರುತ್ತವೆ. ಆದರೆ ಹಳೆಯ ಗಾಡಿಯ ಶತ್ರು ನೀರು. ಬಂಕ್ ಕೋಣೆಯ ಮೂಲೆಯ ಕಪಾಟಿನೊಳಗೆ ಕೈ ಹಾಕಿ, ಗೋಡೆಯೂ ಚಾವಣಿಯೂ ಸೇರುವಲ್ಲಿ ಹೆಬ್ಬೆರಳಿನಿಂದ ಒತ್ತು. ನೆನೆದ ರೊಟ್ಟಿನಂತೆ ಒಳಗೆ ಹೋದರೆ ಮರುಮಾತಿಲ್ಲದೆ ಹಿಂದಿರುಗು. ಸ್ಲೈಡಿನ ಅಂಚಿನ ನೆಲವನ್ನು ಹಿಮ್ಮಡಿಯಿಂದ ಮೆಟ್ಟು. ಟೈರಿನ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡು. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು, ಮೇಲೆ ಹೊಸದಾಗಿ ಕಂಡರೂ ಬದಲಾಯಿಸಲೇಬೇಕು.

ಕೊಂಡ ಮೇಲೆ ಮೊದಲ ಪ್ರವಾಸಕ್ಕೆ ಎಲ್ಲವನ್ನೂ ತುಂಬಿ, ಎಲ್ಲರನ್ನೂ ಕೂರಿಸಿಕೊಂಡು, ಹೆದ್ದಾರಿಯ ಟ್ರಕ್ ನಿಲ್ದಾಣದ ಕ್ಯಾಟ್ ಎಂಬ ಹೆಸರಿನ, ವಾಹನ ತೂಗುವ ಕಟ್ಟೆಯ ಮೇಲೆ ಹತ್ತಿಸಿ ತೂಗಿಸು. ಗಾಡಿಯ ಎತ್ತರವನ್ನು ನೀನೇ ಟೇಪಿನಿಂದ ಅಳೆದು, ಸ್ಟೀರಿಂಗಿನ ಎದುರು ಚೀಟಿ ಅಂಟಿಸಿಕೋ. 13 ಅಡಿ ಸಮೀಪದ ಗಾಡಿಗೆ ಊರೊಳಗಿನ ಎಷ್ಟೋ ಸೇತುವೆಗಳು ತಗ್ಗು.

ಸದ್ಯಕ್ಕೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ನೋಡಲಿರುವ ಟ್ರಕ್ಕಿನ ಬಾಗಿಲ ಚೀಟಿಯ ಫೋಟೋ, ಕ್ಯಾಂಪರಿನ ಹೊರಗೋಡೆಯ ಮೇಲಿನ ತೂಕದ ಫಲಕದ ಫೋಟೋ ಎರಡನ್ನೂ ಕಳುಹಿಸು. ಕೂತು ಲೆಕ್ಕ ಹಾಕಿ ಅದೇ ದಿನ ತಿಳಿಸುತ್ತೇನೆ. ಗಾಡಿ ಬಂದ ವಾರ ನಾನು ಡಲ್ಲಾಸಿಗೆ ಬರುತ್ತೇನೆ. ಭಾನುವಾರ ಬೆಳಗ್ಗೆ ಯಾವುದಾದರೂ ಖಾಲಿ ಮೈದಾನದಲ್ಲಿ ಹಿಂದಕ್ಕೆ ಸರಿಸುವುದನ್ನು ನೀನೂ ಸೊಸೆಯೂ ಇಬ್ಬರೂ ಕಲಿಯಬೇಕು.

ಮಕ್ಕಳಿಗೆ ನಮ್ಮಿಬ್ಬರ ಮುತ್ತುಗಳು. ಅಕ್ಕನಿಗೆ ಫೋನ್ ಮಾಡಿದಾಗ ಬರುವಾಗ ಮಂಡಿಯ ಪಟ್ಟಿ ಮರೆಯದೆ ತರಲು ಹೇಳು.

ಇತಿ ನಿನ್ನ ಸೋದರಮಾವ