ಹಿನ್ನೀರಿನಲ್ಲಿ ಅಲೆ ಏಳುವುದಿಲ್ಲ ಅಂದವರು ಯಾರು?

ಮಾನ್ಯ ಸಂಪಾದಕರೇ,

ಹಿನ್ನೀರಿನಲ್ಲಿ ದೋಣಿಗೆ ನೀರು ನುಗ್ಗಿದ ಸುದ್ದಿ ಮಂಗಳವಾರ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಆ ದೋಣಿಯಲ್ಲಿ ನಾನೂ ಇದ್ದೆ. ವರದಿ ಸರಿಯಾಗಿದೆ. ಆದರೆ ಕೊನೆಯಲ್ಲಿ ಅಧಿಕಾರಿಯೊಬ್ಬರು 'ಇದೇನು ಸಮುದ್ರವೇ? ಇಲ್ಲಿ ದೊಡ್ಡ ಅಲೆ ಏಳುವುದಿಲ್ಲ, ಜನ ಸುಮ್ನೆ ಗಾಬರಿಯಾದರು' ಅಂದಿದ್ದಾರಲ್ಲ, ಅದನ್ನು ಓದಿ ಕುಡಿಯುತ್ತಿದ್ದ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಸುಮ್ನೆ ಅಲ್ಲ ಸ್ವಾಮಿ. ರಜೆಗೆ ಬಂದ ತಂಗಿಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹೊರಟಾಗ ನೀರು ಕನ್ನಡಿ ಹಾಗಿತ್ತು. ಆ ತುದಿ ಮುಟ್ಟಿ ವಾಪಸ್ ಬರುವಷ್ಟರಲ್ಲಿ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಅರ್ಧ ಗಂಟೆಯೊಳಗೆ ಮೊಣಕಾಲೆತ್ತರದ ಅಲೆ. ದೋಣಿಯ ಮೂತಿ ಒಂದು ಅಲೆಯ ಮೇಲೆ ಏರಿದರೆ ಹಿಂಭಾಗ ಇನ್ನೊಂದರೊಳಗೆ ಇಳಿಯುತ್ತಿತ್ತು. ಚಿಕ್ಕವನ ಮಡಿಲಿಗೆ ನೇರ ನೀರು ಬಿತ್ತು. ಅವನ ಲೈಫ್ ಜಾಕೆಟ್ಟಿನ ಬಕಲ್ ಮುರಿದಿತ್ತು, ಹಗ್ಗ ಕಟ್ಟಿದ್ದರು. ನಾನು ಒಂದು ಕೈಯಲ್ಲಿ ಅವನ ಕಾಲರ್ ಹಿಡಿದು ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಮಗ್ಗಿನಿಂದ ನೀರು ಮೊಗೆದು ಚೆಲ್ಲುತ್ತಿದ್ದೆ. ಮೊಬೈಲ್ ಹಾಳಾಯಿತು, ಮೆಣಸು ವ್ಯಾಪಾರಿಗಳ ನಂಬರೆಲ್ಲ ಅದರಲ್ಲೇ ಇತ್ತು. ದಡಕ್ಕೆ ಬಂದು ಒದ್ದೆ ಬಟ್ಟೆಯಲ್ಲಿ ಒಂದೂವರೆ ಗಂಟೆ ಜೀಪಿಗೆ ಕಾದೆವು. ಮಗುವಿಗೆ ಇನ್ನೂ ಜ್ವರ ಬಿಟ್ಟಿಲ್ಲ.

ಸಮುದ್ರದ ಅಲೆ ದೊಡ್ಡದು, ಕೆರೆಯ ಅಲೆ ಚಿಕ್ಕದು, ನಿಜ. ಯಾಕೆ ಅಂತ ಆ ಅಧಿಕಾರಿ ಒಮ್ಮೆ ಯೋಚಿಸಬೇಕಿತ್ತು. ಅಲೆ ಎಬ್ಬಿಸುವುದು ಗಾಳಿ. ಎಷ್ಟು ಜೋರಾಗಿ ಬೀಸಿತು, ಎಷ್ಟು ಹೊತ್ತು ಬೀಸಿತು, ನೀರಿನ ಮೇಲೆ ಎಷ್ಟು ದೂರ ಓಡಿತು, ಈ ಮೂರರ ಮೇಲೆ ಅಲೆಯ ಗಾತ್ರ ನಿಂತಿದೆ. ಸಮುದ್ರದಲ್ಲಿ ಗಾಳಿಗೆ ನೂರಾರು ಕಿಲೋಮೀಟರ್ ಅಡ್ಡಿಯೇ ಇಲ್ಲ, ಅಷ್ಟು ದೂರವೂ ಅಲೆ ಬೆಳೆಯುತ್ತಲೇ ಹೋಗುತ್ತದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿ ಎಬ್ಬಿಸಿದ ಅಲೆ ಎಷ್ಟೋ ದಿನ ಸಾಗಿ, ಇಲ್ಲಿ ಗಾಳಿಯೇ ಇಲ್ಲದ ದಿನ ಕೇರಳದ ಕರಾವಳಿಗೆ ಬಂದು ಹೊಡೆಯುತ್ತದೆ. ಅಲ್ಲಿನವರು ಅದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಹಾರಂಗಿ ಜಲಾಶಯ ಇರಲಿ, ಚಿಕ್ಲಿಹೊಳೆ ಜಲಾಶಯ ಇರಲಿ, ನಮ್ಮಲ್ಲಿ ಗಾಳಿ ಸ್ವಲ್ಪ ದೂರ ಓಡುವಷ್ಟರಲ್ಲಿ ಗುಡ್ಡ ಅಡ್ಡ ಬರುತ್ತದೆ. ಇಡೀ ದಿನ ಬೀಸಿದರೂ ಅಲೆ ಒಂದು ಮಟ್ಟಕ್ಕಿಂತ ಮೇಲೆ ಬೆಳೆಯುವುದಿಲ್ಲ.

ಚಿಕ್ಕದು ಅಂದರೆ ಅಪಾಯ ಇಲ್ಲ ಅಂತಲಾ? 10 ಸೆಕೆಂಡಿಗೊಮ್ಮೆ ಬರುವ ಕಡಲ ಅಲೆಯ ಉದ್ದ ಆಳದ ನೀರಿನಲ್ಲಿ ಸುಮಾರು 150 ಮೀಟರ್. ಅದು ದೋಣಿಯನ್ನು ನಿಧಾನಕ್ಕೆ ಎತ್ತಿ ಇಳಿಸುತ್ತದೆ. 2 ಸೆಕೆಂಡಿಗೊಮ್ಮೆ ಬರುವ ನಮ್ಮ ಹಿನ್ನೀರಿನ ಅಲೆಯ ಉದ್ದ ಸುಮಾರು 6 ಮೀಟರ್, ಅಂದರೆ 20 ಅಡಿ. ನಮ್ಮ ದೋಣಿಯೂ ಹತ್ತಿರ ಹತ್ತಿರ ಅಷ್ಟೇ ಉದ್ದ! ಮೂತಿ ಏಳುವ ಮೊದಲೇ ಮುಂದಿನದು ಬಂದು ಬಡಿಯುತ್ತದೆ. ಕಲ್ಲು ಕಟ್ಟಿದ ದಡದ ಹತ್ತಿರ ವಾಪಸ್ ಬರುವ ಅಲೆಯೂ ಸೇರಿ ನೀರು ಕುದಿಯುವ ಹಾಗಿತ್ತು. ಸರೋವರ ಉದ್ದ ಇದ್ದರಂತೂ ಮಾತೇ ಬೇಡ. 1975ರ ನವೆಂಬರಿನಲ್ಲಿ ಅಮೆರಿಕ, ಕೆನಡಾ ನಡುವಿನ ಸುಪೀರಿಯರ್ ಸರೋವರದ ಬಿರುಗಾಳಿಯಲ್ಲಿ 222 ಮೀಟರ್ ಉದ್ದದ ಹಡಗೇ ಮುಳುಗಿ 29 ಜನ ಸತ್ತರು. ಅದೂ ಸಿಹಿನೀರೇ.

ನಮ್ಮ ಅಧಿಕಾರಿಗಳ ಈ 'ಏನೂ ಆಗಲ್ಲ' ಹೊಸದಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿಯುವ ಮೊದಲು ನಮ್ಮೂರಿನವರು ತೋಟದಲ್ಲಿ ಬಿರುಕು ಬಿಟ್ಟಿದೆ ಅಂತ ಹೇಳಲು ಹೋದಾಗಲೂ ಇದೇ ಉತ್ತರ. ತೋಟಕ್ಕೆ ಆನೆ ಬಂದಿದೆ ಅಂತ ಫೋನ್ ಮಾಡಿದರೆ ಬೆಳಿಗ್ಗೆ ನೋಡೋಣ ಅನ್ನುತ್ತಾರೆ. ಬೆಳಿಗ್ಗೆ ಬಾಳೆಯೂ ಇರುವುದಿಲ್ಲ, ಆನೆಯೂ ಇರುವುದಿಲ್ಲ. ಕಡವಿನ ರಸ್ತೆಯ ಮೋರಿ ಕುಸಿದು ಎರಡು ಮಳೆಗಾಲ ಕಳೆಯಿತು, ಜೀಪು ತಡವಾಗಿದ್ದೂ ಅದರಿಂದಲೇ.

ಗಾಳಿ ಎದ್ದ ದಿನ ದೋಣಿ ಬಿಡಬೇಡಿ. ಬಿಡುವುದಾದರೆ ಬಕಲ್ ಇರುವ ಜಾಕೆಟ್ ಆದರೂ ಕೊಡಿ. ಅದೂ ಆಗದಿದ್ದರೆ ಪತ್ರಿಕೆಗೆ ಹೇಳಿಕೆ ಕೊಡುವ ಮೊದಲು ಗಾಳಿ ಇರುವ ಒಂದು ಸಂಜೆ ಬಂದು ಅದೇ ದೋಣಿಯಲ್ಲಿ ಕೂತು ನೋಡಿ. ಬರುವಾಗ ಆ ಮೋರಿಯನ್ನೂ ನೋಡಿಕೊಂಡು ಬನ್ನಿ.

ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು, ಕೊಡಗು